ಕೊಸರು

ಬೆಳಗಿನ ನಾಲ್ಕೂ ಮುಕ್ಕಾಲು. ಕೋಡಿಬಾಗದ ನಾಯಿಗಳ ಪಾಲಿಗೆ
ನಾನೀಗ ಬೊಗಳುವಷ್ಟೂ ದೊಡ್ಡವಳಲ್ಲ.
ಮೊದಲ ವಾರ ಅಟ್ಟಿಸಿಕೊಂಡು ಬಂದವು,
ಆಮೇಲೆ ಸುಮ್ಮನೆ ಜೊತೆಗೆ ಬಂದವು,
ಈಗ ಒಂದೇ ಕಣ್ಣು ತೆರೆದು, ಓ ಇವಳಾ ಎಂದು
ಮತ್ತೆ ಮುಚ್ಚುತ್ತವೆ.

ನಲವತ್ತನಾಲ್ಕು ನನಗೆ. ನಗರಸಭೆಯಲ್ಲಿ
ಜನನ ಮರಣದ ಕೌಂಟರು.
ಊರಿನವರ ಎರಡು ತುದಿಯೂ ನನ್ನ ದಪ್ಪ ಪುಸ್ತಕದಲ್ಲಿ;
ನಡುವೆ ಅವರು ಎಷ್ಟು ಓಡಿದರೆಂದು ಬರೆಯಲು
ಕಾಲಮ್ಮಿಲ್ಲ.

‘ಯಾರು ಓಡಿಸ್ಕಂಡು ಬಂದ್ರು ಬಾಯೋರೆ?’
ಪಾವಿನ ಸೈಕಲ್ಲು ನಿಲ್ಲಿಸಿ ಇನಾಸ ಕೇಳಿದ್ದ.
ಮ್ಯಾರಥಾನ್ ಅಂದೆ.
ಯಾವುದೋ ಕಾಯಿಲೆ ಅಂದುಕೊಂಡನೋ ಏನೋ,
ಬಿಸಿ ಪಾವು ಎರಡು ಕೈಗಿಟ್ಟ, ದುಡ್ಡು ಬೇಡವೆಂದ.

ಸಂಜೆಯೊಳಗೆ ಊರಿಗೆಲ್ಲ ಗೊತ್ತು.
ಬಾಂದೇಕರರ ಮೆಡಿಕಲ್ಲಿನಲ್ಲಿ ಮಂಡಿಯ ಎಣ್ಣೆ
ನನ್ನ ಹೆಸರು ಬರೆದು ಎತ್ತಿಟ್ಟಾಗಿತ್ತು.
ಟೇಲರ್ ರಘುವೀರ ಪ್ಯಾಂಟಿನ ಒಳಬದಿಗೆ
ಬೀಗದ ಕೈ ಹಿಡಿಸುವಷ್ಟೇ ಒಂದು ಜೇಬು ಹೊಲಿದ.
ಅಪ್ಪನ ಮರಣಪತ್ರಕ್ಕೆ ಬಂದವನೊಬ್ಬ
ಅರ್ಜಿ ಒಳಕ್ಕೆ ಸರಿಸಿ, ತಡೆದು, ಹೇಳಿದ:
‘ಹೋದ ತಿಂಗ್ಳು ಸೇತುವೆ ಮೇಲೆ ನಿಮ್ಮನ್ನ ನೋಡಿ
ಬಸ್ಸಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದಿದ್ರು.’
ಸೀಲು ಒತ್ತಿದೆ. ಶಾಯಿ ಸ್ವಲ್ಪ ಹೆಚ್ಚಾಯಿತು.

ಅಕ್ಟೋಬರಿನ ಒಂದು ಭಾನುವಾರ, ಮೂವತ್ತು ಕಿಲೋಮೀಟರು.
ಸದಾಶಿವಗಡ, ಮಾಜಾಳಿ, ಗೋವೆಯ ಗಡಿ ಮುಟ್ಟಿ ವಾಪಸು.
ಚೆಕ್‌ಪೋಸ್ಟಿನ ಪೊಲೀಸ ಕೈ ಅಡ್ಡ ಹಿಡಿದ:
ಬಾಟಲಿಯಲ್ಲಿ ಏನು?
ನೀರು.
ಮೂಸಿ ನೋಡಿ ಬಿಟ್ಟ, ಬೇಜಾರಿನಿಂದ.

ಕಾಳಿ ಸೇತುವೆಯ ನಡುವೆ ಕಾಲು ಬೇರೆ ಯಾರದೋ ಆಯಿತು.
ಕೆಳಗೆ ಹೊಳೆ ಅವಸರವಿಲ್ಲದೆ ಕಡಲಿಗೆ ಸೇರುತ್ತಿತ್ತು.
ಕಂಬ ಎಣಿಸಿದೆ. ಬೈದೆ. ಯಾರನ್ನೆಂದು ನೆನಪಿಲ್ಲ.
ಹೇಗೋ ಇಳಿದು ಮರಳಿಗೆ ಬಂದು ನಿಂತರೆ
ಅಲ್ಲಿ ಯೆಂಡಿ ಬಲೆ ಎಳೆಯುತ್ತಿದ್ದಾರೆ,
ಆ ಕಡೆ ಹದಿನೈದು ಜನ, ಈ ಕಡೆ ಹದಿಮೂರು.
‘ಸುಮ್ನೆ ನಿಂತು ಏನ್ ಮಾಡ್ತ್ರಿ? ಹಗ್ಗ ಹಿಡೀರಿ!’

ಹಿಡಿದೆ.
ಬೆಳಗಿನಿಂದ ಮುಂದಕ್ಕೇ ಓಡಿದವಳು
ಹಿಮ್ಮಡಿ ಊರಿ ಹಿಂದಕ್ಕೆ, ಹಿಂದಕ್ಕೆ.
ಎದುರಿನ ಬೆನ್ನು ನನ್ನನ್ನು ಎಳೆಯಿತೋ,
ನಾನು ಅದನ್ನೋ,
ಹಗ್ಗ ಒದ್ದೆ, ಉಪ್ಪು, ಅಂಗೈ ಉರಿ.
ಕೈಗಡಿಯಾರ ನಿಲ್ಲಿಸಲು ಮರೆತಿದ್ದೆ;
ಅದು ಈ ಹಿಂದಿನ ಹೆಜ್ಜೆಗಳನ್ನೂ
ಪಾಪ, ಲೆಕ್ಕಕ್ಕೆ ಹಿಡಿದುಕೊಂಡಿತು.

ಬಲೆ ದಡ ಹತ್ತಿ ಬೆಳ್ಳಗೆ ಒದ್ದಾಡಿತು.
ಬುಟ್ಟಿ ಹಿಡಿದು ಕಾದಿದ್ದ ಸುಲಕ್ಷಾ ಹರಿಕಂತ್ರ
ನನ್ನ ಟೋಪಿ ಕಿತ್ತುಕೊಂಡು ಅದರಲ್ಲಿ
ಏಳು ಬಂಗಡೆ ಎಣಿಸಿದಳು, ಕೂಲಿ ಎಂದು.
‘ಒಟ್ಟು ಎಷ್ಟು ಓಡ್ಬೇಕು?’
ನಲವತ್ತೆರಡು ಕಿಲೋಮೀಟರು,
ಮೇಲೆ ನೂರ ತೊಂಬತ್ತೈದು ಮೀಟರು.
‘ಆ ಮೇಲಿಂದು ಯಾಕೆ?’
ಯಾಕೋ. ನಾನೂ ಹೊಟ್ಟೆ ಉರಿದುಕೊಂಡಿದ್ದೆ ಅದಕ್ಕೆ.
ಅವಳು ನಕ್ಕಳು, ಒಂದು ಹಿಡಿ ಶೆಟ್ಲಿ
ಟೋಪಿಗೆ ಸುರಿದಳು:
‘ಅದು ಕೊಸರು ಬಾಯೋರೆ. ಕೊಸರು ಕೊಡದೆ
ಯಾರಾದ್ರೂ ವ್ಯಾಪಾರ ಮುಗಿಸಿ ಏಳ್ತಾರೇನು?’

ಓಟ ಇರುವುದು ಡಿಸೆಂಬರಿನಲ್ಲಿ, ದೂರದ ಊರಲ್ಲಿ.
ಅಲ್ಲಿ ನನ್ನ ಹೆಸರು ಎದೆಗೆ ಚುಚ್ಚಿದ ಒಂದು ಅಂಕಿ.
ಗೆದ್ದರೆ ಎಂಬ ಮಾತೇ ಇಲ್ಲ; ಮುಗಿಸಿದರೆ
ಇನಾಸನಿಗೆ ಮೊದಲು ಹೇಳಬೇಕು, ಕಾಯಿಲೆ ಅಲ್ಲ ಅಂತ.

ಸದ್ಯಕ್ಕೆ ರಘುವೀರನ ಟೇಪು ತಂದು ಅಳೆದಿದ್ದೇನೆ:
ಇನಾಸನ ಭಟ್ಟಿಯಿಂದ ನನ್ನ ಗೇಟಿಗೆ
ನೂರ ಎಂಬತ್ತೊಂದು ಮೀಟರು. ಹದಿನಾಲ್ಕು ಕಮ್ಮಿ.
ಹಾಗಾಗಿ ದಿನಾ ಗೇಟು ಬಿಟ್ಟು ಮುಂದೆ ಓಡುತ್ತೇನೆ
ಪಕ್ಕದವರ ನಲ್ಲಿ ಕಟ್ಟೆಯ ತನಕ.
ಹಲ್ಲುಜ್ಜುತ್ತ ನಿಂತ ಅವರ ಹುಡುಗ
ಬಾಯಿ ತುಂಬ ನೊರೆಯಲ್ಲಿ ಕೂಗುತ್ತಾನೆ,
ದಿನಾ, ಅದೇ ಗಾಬರಿಯಿಂದ:
‘ಬಾಯೋರೇ, ನಿಮ್ಮನೆ ಹಿಂದೆ ಹೋಯ್ತು!’